ಮನೆಯಂಗಳ: ಅಜ್ಜಿಯ ದನಿ, ಮೊಮ್ಮಗನ ಯಂತ್ರ



ಕಳೆದ ವರ್ಷದ ಶ್ರಾವಣದಲ್ಲಿ ಧಾರವಾಡದಲ್ಲಿರುವ ನನ್ನ ಅಣ್ಣನ ಮನೆಗೆ ಹೋಗಿದ್ದೆ. ಸಂಜೆಯ ಪೂಜೆ ಮುಗಿದು, ವಿಭೂತಿ ಧರಿಸಿ, ಎಲ್ಲರೂ ಪಡಸಾಲೆಯಲ್ಲಿ ಕುಳಿತಿರಲು ಒಳಕೋಣೆಯಿಂದ ಒಂದೇ ಸಮನೆ ಢಂ ಢಂ ಎಂಬ ಸದ್ದು ಕೇಳಿಬಂದಿತು. ಅಣ್ಣನ ಮುಖ ಕೆಂಪಾಯಿತು.

“ನೋಡಪಾ ತಮ್ಮಾ, ಹಾರ್ಮೋನಿಯಂ ಕಲಿ ಅಂತ ಎರಡು ವರ್ಷ ಬಡಕೊಂಡೆ, ಒಲ್ಲೆ ಅಂದ. ಈಗ ಕಂಪ್ಯೂಟರಿನ್ಯಾಗ ಸಂಗೀತ ಮಾಡ್ತಾನಂತ. ಅದಕ್ಕ ಎಂಬತ್ತು ಸಾವಿರ ರೂಪಾಯಿ ಸಾಮಾನು ಬೇಕಂತ!”

ಮಗ ಬಾಗಿಲಿಗೆ ಬಂದು ನಿಂತು, “ಕಾಕಾ, ಅಪ್ಪಾಗ ನೀವರೆ ಒಂದ್ ಮಾತು ಹೇಳ್ರಿ” ಎಂದ. ನಾನು ಏನು ಹೇಳಬೇಕೆಂದು ತಿಳಿಯದೆ ಕುಳಿತಿರುವಾಗ, ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮ ಅವ್ವ ತಲೆಯೆತ್ತದೆಯೇ ನುಡಿದಳು: “ಬೈಬ್ಯಾಡೋ ಹುಡುಗನ್ನ. ನಿಮ್ಮಪ್ಪ ಮನಿಗೆ ರೇಡಿಯೋ ತಂದಾಗ ನಿಮ್ಮಜ್ಜ ಹಿಂಗ ಬೈದಿದ್ದ. ಮುಂದ ದಿನಾ ಮುಂಜಾನೆ ಅದರ ಮುಂದ ಕುಂಡ್ರಾಂವ ಅವನ.”

ಆ ಮಾತಿಗೆ ಎಲ್ಲರೂ ನಕ್ಕೆವು. ಆದರೆ ಪ್ರಶ್ನೆ ಮಾತ್ರ ನನ್ನೊಡನೆ ಊರಿಗೆ ಬಂದಿತು. ಇಂದು ಅನೇಕ ಮನೆಗಳಲ್ಲಿ ಇದೇ ಪ್ರಸಂಗ ನಡೆಯುತ್ತಿರಬಹುದು. ಮಕ್ಕಳಿಗೆ ವಿದ್ಯುನ್ಮಾನ ಸಂಗೀತದ ಹಂಬಲ. ಹಿರಿಯರಿಗೆ ಹಣದ ಚಿಂತೆ, ಸದ್ದಿನ ಬೇಸರ, ಸಂಸ್ಕಾರದ ಆತಂಕ. ಆದುದರಿಂದ ಅನಂತರದ ತಿಂಗಳುಗಳಲ್ಲಿ ತಿಳಿದವರನ್ನು ಕೇಳಿ, ಹುಡುಗನ ಪಕ್ಕದಲ್ಲಿ ಕುಳಿತು ನಾನು ಅರಿತುಕೊಂಡುದನ್ನು ಈ ಸಂಚಿಕೆಯಲ್ಲಿ ನಿವೇದಿಸುತ್ತಿದ್ದೇನೆ.

ಇದು ನಿನ್ನೆಯ ಹುಚ್ಚಲ್ಲ

ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ಪ್ರಯತ್ನಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ರಷ್ಯಾದ ಲಿಯೋನ್ ಥೆರೆಮಿನ್ ಎಂಬ ವಿಜ್ಞಾನಿಯು 1920ರಲ್ಲಿ, ಮುಟ್ಟದೆಯೇ ಬರಿಗೈಯ ಚಲನೆಯಿಂದ ನುಡಿಸಬಹುದಾದ ವಾದ್ಯವೊಂದನ್ನು ನಿರ್ಮಿಸಿದನು. 1948ರಲ್ಲಿ ಪ್ಯಾರಿಸಿನ ಪಿಯರ್ ಷೇಫರ್, ರೈಲುಬಂಡಿ ಮೊದಲಾದವುಗಳ ಸದ್ದನ್ನು ಮುದ್ರಿಸಿ, ಕತ್ತರಿಸಿ, ಜೋಡಿಸಿ ಸಂಗೀತಕೃತಿಗಳನ್ನು ರಚಿಸಿದನು. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ತನ್ನ ಸಿಂಥಸೈಜರ್ ಯಂತ್ರವನ್ನು ಹೊರತಂದನು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಷ್ಟು ಹಿಂದೆಯೇ, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ, ಮೂಗ್ ಸಿಂಥಸೈಜರ್ ಸ್ಥಾಪಿತವಾಯಿತು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್ ಮೊದಲಾದವರು ಅದರಲ್ಲಿ ಪ್ರಯೋಗಗಳನ್ನು ನಡೆಸಿದರು. ಮುಂಬಯಿಯ ಚಿತ್ರಸಂಗೀತ ವಾದಕರಾಗಿದ್ದ ಚರಣಜಿತ್ ಸಿಂಗ್ ಅವರು 1982ರಲ್ಲಿ ಹತ್ತು ರಾಗಗಳನ್ನು ವಿದ್ಯುನ್ಮಾನ ಯಂತ್ರಗಳ ಮೇಲೆಯೇ ನುಡಿಸಿ ಮುದ್ರಿಸಿದರು. ಆಗ ಯಾರೂ ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. 2010ರಲ್ಲಿ ಆ ಮುದ್ರಿಕೆ ಮರುಪ್ರಕಟವಾದಾಗ ಹೊರದೇಶಗಳ ರಸಿಕರು ಬೆರಗಾದರು.

ಇಷ್ಟೇಕೆ, ಇಂದು ಎಷ್ಟೋ ಮಠಗಳ ಪ್ರಾರ್ಥನೆಯಲ್ಲಿ, ಭಜನಾ ಮಂಡಳಿಗಳಲ್ಲಿ ಶ್ರುತಿಗೆಂದು ಇಡುವ ಪುಟ್ಟ ಪೆಟ್ಟಿಗೆಯೂ ವಿದ್ಯುನ್ಮಾನ ವಾದ್ಯವೇ ಅಲ್ಲವೇ? ಸ್ವತಃ ಕೊಳಲು ನುಡಿಸುವ ಇಂಜಿನಿಯರಾದ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ರಾಡೆಲ್ ಸಂಸ್ಥೆಯು ವಿದ್ಯುನ್ಮಾನ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮನೆಮನೆಗೆ ಮುಟ್ಟಿಸಿತು. ತಂಬೂರಿಯನ್ನು ಹೊತ್ತು ತಿರುಗಲಾಗದ ಎಷ್ಟೋ ಗಾಯಕರಿಗೆ ಅದು ಸಂಗಾತಿಯಾಯಿತು.

“ಯಂತ್ರದ ನಾದ ನಮ್ಮದಲ್ಲ” ಎನ್ನುವವರು ಹಾರ್ಮೋನಿಯಂನ ಕಥೆಯನ್ನೊಮ್ಮೆ ನೆನೆಯಬೇಕು. ಯುರೋಪಿನಿಂದ ಬಂದ ಆ ಪೆಟ್ಟಿಗೆಯನ್ನು ಆಕಾಶವಾಣಿಯು 1940ರಲ್ಲಿ ನಿಷೇಧಿಸಿತ್ತು. 1971ರಲ್ಲಿಯಷ್ಟೇ ನಿಷೇಧ ಸಡಿಲವಾಯಿತು. ಆದರೆ ಗದಗಿನ ಪಂಡಿತ ಪುಟ್ಟರಾಜ ಗವಾಯಿಗಳ ಬೆರಳುಗಳಲ್ಲಿ ಅದೇ ಪೆಟ್ಟಿಗೆ ಹೇಗೆ ನುಡಿಯುತ್ತಿತ್ತೆಂಬುದನ್ನು ಕೇಳಿದವರೇ ಬಲ್ಲರು. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಸಾರಿದ ಪರಂಪರೆಯವರಾದ ನಾವು, ವಾದ್ಯವನ್ನು ಮಾತ್ರ ಹುಟ್ಟಿನಿಂದ ಅಳೆಯುವುದು ತರವಲ್ಲ.

ಏನು ಬೇಕು, ಏನು ಬೇಡ

ಎಂಬತ್ತು ಸಾವಿರದ ಪಟ್ಟಿಯನ್ನು ನಾನು ತರಿಸಿ ನೋಡಿದೆ. ಅದರಲ್ಲಿದ್ದ ಬಹುಪಾಲು ವಸ್ತುಗಳು ಮೊದಲ ವರ್ಷಕ್ಕೆ ಅನಾವಶ್ಯಕವಾಗಿದ್ದವು. ಆರಂಭಕ್ಕೆ ಬೇಕಾದುದು ಮೂರೇ: ಮನೆಯಲ್ಲಿ ಈಗಾಗಲೇ ಇರುವ ಸಾಧಾರಣ ಕಂಪ್ಯೂಟರ್, ಕಿವಿಯನ್ನು ಪೂರ್ತಿ ಮುಚ್ಚುವ ಒಂದು ತಂತಿಯುಳ್ಳ ಹೆಡ್‌ಫೋನ್, ಮತ್ತು ಒಂದು ತಂತ್ರಾಂಶ. ಕಂಪ್ಯೂಟರಿನಲ್ಲಿ 8 ಜಿಬಿ ಸ್ಮರಣೆಯಿದ್ದರೆ ಕಲಿಕೆಗೆ ಧಾರಾಳವಾಯಿತು. ತಂತಿಯಿಲ್ಲದ ಹೆಡ್‌ಫೋನಿನಲ್ಲಿ ದನಿ ಕ್ಷಣಕಾಲ ತಡವಾಗಿ ಕೇಳಿಸುವುದರಿಂದ ತಾಳ ಹಿಡಿಯುವುದು ಕಷ್ಟ.

ತಂತ್ರಾಂಶಕ್ಕೂ ಮೊದಲಿಗೆ ಹಣ ತೆರಬೇಕಾಗಿಲ್ಲ. ‘ಎಲ್‌ಎಂಎಂಎಸ್’ ಎಂಬುದು ತಾಳ, ಸ್ವರಗಳನ್ನು ಹೆಣೆಯಲು ಉಚಿತವಾಗಿ ದೊರೆಯುತ್ತದೆ. ‘ಆಡಾಸಿಟಿ’ ಎಂಬುದು ದನಿಯನ್ನು ಮುದ್ರಿಸಿ ಕತ್ತರಿಸಿ ಜೋಡಿಸಲು ಉಚಿತ. ಆ್ಯಪಲ್ ಯಂತ್ರವುಳ್ಳವರಿಗೆ ‘ಗ್ಯಾರೇಜ್‌ಬ್ಯಾಂಡ್’ ಪುಕ್ಕಟೆ. ‘ರೀಪರ್’ ಎಂಬುದನ್ನು 60 ದಿನ ಪರೀಕ್ಷಿಸಿ ನೋಡಿ ಆಮೇಲೆ ಹಣ ಕೊಡಬಹುದು. ‘ಸರ್ಜ್ ಎಕ್ಸ್‌ಟಿ’ ಎಂಬ ಸಿಂಥಸೈಜರೂ ಉಚಿತವೇ. ಮೊದಲ ಹೆಜ್ಜೆಗೆ ಇವುಗಳಲ್ಲಿ ಯಾವುದಾದರೊಂದನ್ನು ಹಿಡಿದು ಆರು ತಿಂಗಳು ಬಿಡದಿರುವುದು ಲೇಸು. ವಾರಕ್ಕೊಂದು ತಂತ್ರಾಂಶ ಬದಲಾಯಿಸುವವನು ತಂತ್ರಾಂಶಗಳನ್ನು ಕಲಿತಾನೇ ಹೊರತು ಸಂಗೀತವನ್ನಲ್ಲ.

ಇಲ್ಲಿ ಹಿರಿಯರು ಗಮನಿಸಬೇಕಾದ ಒಂದು ಮಾತಿದೆ. ಬೆಲೆಯುಳ್ಳ ತಂತ್ರಾಂಶಗಳ ಕದ್ದ ಪ್ರತಿಗಳು ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತವೆ. ಎಲ್ಲರೂ ಮಾಡುತ್ತಾರೆಂಬ ಕಾರಣಕ್ಕೆ ಕಳವು ಕಾಯಕವಾಗದು. ಜೊತೆಗೆ ಅಂಥ ಪ್ರತಿಗಳೊಡನೆ ವೈರಸ್ಸುಗಳೂ ಮನೆ ಸೇರುವ ಅಪಾಯವುಂಟು. ಉಚಿತವಾಗಿಯೇ ದಾರಿ ತೆರೆದಿರುವಾಗ ಆ ಪಾಪಕ್ಕೆ ಕೈಹಾಕುವ ಅಗತ್ಯವಾದರೂ ಏನು?

ಮೂರು ನಾಲ್ಕು ತಿಂಗಳ ಬಳಿಕವೂ ಆಸಕ್ತಿ ಉಳಿದರೆ 25 ಮನೆಗಳ ಚಿಕ್ಕ ‘ಮಿಡಿ’ ಕೀಬೋರ್ಡ್ ಕೊಡಿಸಬಹುದು. ಮಿಡಿ ಎಂಬುದು 1983ರಲ್ಲಿ ಬಳಕೆಗೆ ಬಂದ ಒಂದು ಸಂಕೇತಭಾಷೆ. ಆ ಕೀಬೋರ್ಡಿಗೆ ಸ್ವಂತ ದನಿಯಿಲ್ಲ. ಯಾವ ಮನೆಯನ್ನು, ಯಾವಾಗ, ಎಷ್ಟು ಬಲವಾಗಿ ಒತ್ತಲಾಯಿತೆಂಬ ಸುದ್ದಿಯನ್ನಷ್ಟೇ ಅದು ಕಂಪ್ಯೂಟರಿಗೆ ಕಳುಹಿಸುತ್ತದೆ. ಅದೇ ಸುದ್ದಿಯಿಂದ ವೀಣೆಯ ದನಿಯನ್ನೂ ಬರಿಸಬಹುದು, ಕೊಳಲಿನ ದನಿಯನ್ನೂ ಬರಿಸಬಹುದು. ಹಾಡುಗಾರಿಕೆ ಮುದ್ರಿಸುವ ಕಾಲ ಬಂದಾಗ ಮೈಕು, ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ‘ಆಡಿಯೋ ಇಂಟರ್‌ಫೇಸ್’ ಎಂಬ ಪೆಟ್ಟಿಗೆ ಬೇಕಾಗುತ್ತದೆ. ದೊಡ್ಡ ಸ್ಪೀಕರುಗಳು ಕೊನೆಗೆ ಬರಲಿ. ನೆರೆಹೊರೆಯವರ ನೆಮ್ಮದಿಯೂ ಉಳಿದೀತು.

ಮೊದಲ ನಾಲ್ಕು ವಾರಗಳು

ಮೊದಲ ವಾರ ತಾಳಕ್ಕೆ ಮೀಸಲು. ತಂತ್ರಾಂಶದಲ್ಲಿ 16 ಚೌಕಗಳ ಒಂದು ಸಾಲು ಕಾಣುತ್ತದೆ. ಯಾವ ಚೌಕವನ್ನು ಒತ್ತಿದರೆ ಆ ಗಳಿಗೆಗೆ ಪೆಟ್ಟು ಬೀಳುತ್ತದೆ. ಪಾಶ್ಚಾತ್ಯರು ಇದನ್ನು ನಾಲ್ಕರ ನಾಲ್ಕು ಗುಂಪುಗಳಾಗಿ ಎಣಿಸುತ್ತಾರೆ. ನಮ್ಮ ತೀನತಾಲದ ಮಾತ್ರೆಗಳೂ 16 ಅಲ್ಲವೇ! ಭಜನೆಯಲ್ಲಿ ಬಳಸುವ ಕೆಹರವಾದ 8 ಮಾತ್ರೆಗಳು ಅದರಲ್ಲಿ ಎರಡು ಸಲ ಕೂಡುತ್ತವೆ. ದಾದರಾಕ್ಕೆ 6, ಝಪತಾಲಕ್ಕೆ 10 ಚೌಕಗಳನ್ನು ಇಟ್ಟುಕೊಂಡರಾಯಿತು. ಮಗು ಬಾಲ್ಯದಿಂದ ಕೇಳಿದ ತಾಳವನ್ನೇ ಮೊದಲು ಹೆಣೆಯಲಿ. ಕಿವಿ ಬಲ್ಲುದನ್ನು ಕೈ ಬೇಗ ಕಲಿಯುತ್ತದೆ.

ಎರಡನೆಯ ವಾರ ನಾದದ ಹುಟ್ಟನ್ನು ಅರಿಯಬೇಕು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದ ಕೇಳಿಸುತ್ತದೆ. ಸಿಂಥಸೈಜರಿನಲ್ಲಿ ಮೊದಲು ಒಂದು ಅಲೆ ಹುಟ್ಟುತ್ತದೆ. ನುಣುಪಾದ ಅಲೆಯ ದನಿ ಸೀಟಿಯಂತೆ ಮೆದು. ಗರಗಸದ ಹಲ್ಲಿನಾಕಾರದ ಅಲೆಯ ದನಿ ಶಹನಾಯಿಯಂತೆ ತೀಕ್ಷ್ಣ. ಆ ಅಲೆಯು ಬಳಿಕ ‘ಫಿಲ್ಟರ್’ ಎಂಬ ಜರಡಿಯ ಮೂಲಕ ಹಾಯುತ್ತದೆ. ಅಲ್ಲಿ ತೀಕ್ಷ್ಣತೆ ಎಷ್ಟು ಬೇಕೋ ಅಷ್ಟು ಸೋಸಿಹೋಗುತ್ತದೆ. ಕೊನೆಗೆ ದನಿಯ ಆಯುಷ್ಯವನ್ನು ನಾಲ್ಕು ಗುಬುಟುಗಳು ನಿರ್ಧರಿಸುತ್ತವೆ: ಏರಿಕೆ, ಇಳಿಕೆ, ನಿಲುವು, ಬಿಡುಗಡೆ. ತಂಬೂರಿಯ ತಂತಿಯನ್ನು ಮೀಟಿದಾಗ ದನಿ ಥಟ್ಟನೆ ಏರಿ ಮೆಲ್ಲಮೆಲ್ಲನೆ ಕರಗುತ್ತದೆ. ಹಾರ್ಮೋನಿಯಂನಲ್ಲಿ ಮನೆ ಒತ್ತಿ ಗಾಳಿ ಹಾಕುವವರೆಗೂ ನಿಂತು, ಬಿಟ್ಟೊಡನೆ ಆರುತ್ತದೆ. ಈ ಭೇದವನ್ನು ಗುಬುಟುಗಳಿಂದ ಮಾಡಿ ನೋಡಿದವನಿಗೆ ಮುಂದಿನದೆಲ್ಲ ತಾನೇ ತಿಳಿಯುತ್ತದೆ.

ಮೂರನೆಯ ವಾರ ಷಡ್ಜ ಪಂಚಮಗಳನ್ನು ಆಧಾರವಾಗಿರಿಸಿಕೊಂಡು, ನಾಲ್ಕೈದು ಸ್ವರಗಳ ಒಂದು ಚಿಕ್ಕ ಸಂಚಾರವನ್ನು ಕಟ್ಟಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಕಂಪ್ಯೂಟರಿನ ಕೀಬೋರ್ಡು ಸಪ್ತಕವನ್ನು 12 ಸಮಪಾಲು ಮಾಡುತ್ತದೆ. ಒಂದೊಂದು ಪಾಲಿಗೆ 100 ಸೆಂಟ್ ಎಂದು ಲೆಕ್ಕ. ಆ ಪ್ರಕಾರ ಶುದ್ಧ ಗಾಂಧಾರ ನಿಲ್ಲುವುದು 400ರಲ್ಲಿ. ತಂಬೂರಿಯಲ್ಲಿ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386ರಲ್ಲಿ ನಿಲ್ಲುತ್ತದೆ. ಹಳೆಯ ಗಾಯಕರು ಪೆಟ್ಟಿಗೆಯನ್ನು ಕಂಡು ಮುಖ ಸಿಂಡರಿಸುತ್ತಿದ್ದುದಕ್ಕೆ ಈ 14 ಸೆಂಟುಗಳೂ ಒಂದು ಕಾರಣ. ಅನೇಕ ತಂತ್ರಾಂಶಗಳಲ್ಲಿ ಈ ಅಂತರವನ್ನು ಕೈಯಿಂದಲೇ ಸರಿಪಡಿಸಲು ಅವಕಾಶವಿದೆ.

ನಾಲ್ಕನೆಯ ವಾರ ಎರಡೇ ನಿಮಿಷದ ಒಂದು ಕೃತಿಯನ್ನು ಪೂರ್ಣಗೊಳಿಸಬೇಕು. ಪೂರ್ಣಗೊಳಿಸುವುದೇ ಮುಖ್ಯ. ಎಂಟು ಮಾತ್ರೆಗಳ ಸೊಗಸಾದ ತುಣುಕನ್ನು ಸುತ್ತಿಸಿ ಸುತ್ತಿಸಿ ಕೇಳುತ್ತ ಕೂರುವುದು ಆರಂಭಿಕರೆಲ್ಲರ ಚಾಳಿ. ಆರಂಭ, ನಡು, ಮುಕ್ತಾಯ ಮೂರೂ ಉಳ್ಳ ಸಾಮಾನ್ಯ ಕೃತಿಯೊಂದು ಅಂಥ ನೂರು ತುಣುಕುಗಳಿಗಿಂತ ಹೆಚ್ಚು ಕಲಿಸುತ್ತದೆ.

ಕಿವಿಯ ಕಾಳಜಿಯನ್ನು ತಾಯಂದಿರು ವಹಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ಪ್ರೌಢರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ಮಟ್ಟದಲ್ಲಿ 40 ಗಂಟೆ ಮಿತಿ. ದನಿ ಏರಿದಂತೆಲ್ಲ ಈ ಅವಧಿ ವೇಗವಾಗಿ ಕುಗ್ಗುತ್ತದೆ. ಹೆಡ್‌ಫೋನ್ ಧರಿಸಿದವನಿಗೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದಿದ್ದರೆ ದನಿ ಅತಿಯಾಗಿದೆಯೆಂದೇ ತಿಳಿಯಿರಿ.

ಕೆಟ್ಟುಹೋದ ಒಂದು ಮುದ್ರಣ

ಇನ್ನು ನಮ್ಮ ಮನೆಯ ಕಥೆಗೆ ಬರುತ್ತೇನೆ. ಹುಡುಗನು ಆ ಶ್ರಾವಣದಲ್ಲಿಯೇ, ಗೆಳೆಯನಿಂದ ಮೈಕು ಮತ್ತು ಪೆಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ತಂದು, ಅಜ್ಜಿಯ ವಚನಗಾಯನವನ್ನು ಮುದ್ರಿಸಿದ. ಅವ್ವನ ಅತ್ತೆಯವರು, ಎಂದರೆ ನಮ್ಮ ಅಜ್ಜಿ, ಹಾಡುತ್ತಿದ್ದ ಒಂದು ಹಳೆಯ ಧಾಟಿ ಅವ್ವನ ಬಾಯಲ್ಲಿ ಮಾತ್ರ ಉಳಿದಿತ್ತು. ನಡುವೆ ಒಂದೆಡೆ ದನಿಯನ್ನು ಎತ್ತರಕ್ಕೊಯ್ದು, ಮಗ್ಗುಲು ಹೊರಳಿಸಿ, ಕೆಳಗಿಳಿಸುವ ತಿರುವು ಅದರಲ್ಲಿತ್ತು. ಬೇರೆಲ್ಲಿಯೂ ನಾನದನ್ನು ಕೇಳಿಲ್ಲ.

ಮುದ್ರಣ ಮುಗಿದು ಕೇಳಿದಾಗ, ಅದೇ ತಿರುವಿನಲ್ಲಿ ದನಿ ಒಡೆದು ಕರಕರ ಎನ್ನುತ್ತಿತ್ತು. ಮೇಲಿನಿಂದ ಫ್ಯಾನಿನ ಮೊರೆತ ಬೇರೆ. ಕಂಪ್ಯೂಟರಿನಲ್ಲಿ ದನಿಯ ಮಟ್ಟಕ್ಕೆ ಸೊನ್ನೆ ಎಂಬುದೊಂದು ಛಾವಣಿಯಿದೆ. ಅದನ್ನು ಮೀರಿದ ಅಲೆಯ ನೆತ್ತಿ ಕತ್ತರಿಸಿಹೋಗುತ್ತದೆ. ಹಾಗೆ ಹೋದುದನ್ನು ಇದ್ದಂತೆಯೇ ಮರಳಿ ತರುವ ಯಂತ್ರವಿಲ್ಲ. ಮಟ್ಟವನ್ನು ಸಾಕಷ್ಟು ತಗ್ಗಿಸಿ, ಅತಿ ಎತ್ತರದ ದನಿಯೂ ಛಾವಣಿಗಿಂತ 6ರಿಂದ 12 ಡೆಸಿಬೆಲ್ ಕೆಳಗೇ ಉಳಿಯುವಂತೆ ಮಾಡಿ, ಮೊದಲು ಆ ಎತ್ತರದ ಭಾಗವನ್ನೇ ಹಾಡಿಸಿ ಪರೀಕ್ಷಿಸಬೇಕಿತ್ತು. ಹುಡುಗನಿಗದು ತಿಳಿದಿರಲಿಲ್ಲ. “ಇರಲಿ ಬಿಡೋ, ದೀಪಾವಳಿಗೆ ಮತ್ತ ಹಾಡ್ತೀನಿ” ಎಂದಳು ಅವ್ವ.

ದೀಪಾವಳಿಗೆ ಬೇರೆ ಬೇರೆ ಕೆಲಸಗಳಾದವು. ಯಾರಿಗೂ ಅದು ನೆನಪಾಗಲಿಲ್ಲ. ಮಾರ್ಗಶಿರದಲ್ಲಿ ಅವ್ವ ಕಾಯಿಲೆ ಬಿದ್ದಳು. ಎದ್ದು ಕುಳಿತಾಗ ದನಿ ಸಣ್ಣದಾಗಿತ್ತು. ಮತ್ತೆ ಮೈಕಿನ ಮುಂದೆ ಕುಳ್ಳಿರಿಸಿದೆವು. ಈ ಸಲ ಫ್ಯಾನ್ ಆರಿಸಿ, ಕಿಟಕಿಗೆ ದಪ್ಪ ಕೌದಿ ಇಳಿಬಿಟ್ಟು, ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಿಸಿ, ಮಟ್ಟವನ್ನು ಸರಿಯಾಗಿ ನೋಡಿದ್ದ ಹುಡುಗ. ಅವ್ವ ಹಾಡಿದಳು. ನಡುವಿನ ತಿರುವು ಬಂದಲ್ಲಿ ನಿಂತಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದಳು. “ಮುಂದಿಂದು ಹಾದಿ ಸಿಗವಲ್ದು” ಎಂದಳು.

ಆ ದಿನ ಪಡಸಾಲೆಯಲ್ಲಿ ಯಾರೂ ಮಾತನಾಡಲಿಲ್ಲ. ಅಣ್ಣ ಎದ್ದು ಹೊರಗೆ ಹೋದ.

ಆ ತಿರುವು ಈಗ ಉಳಿದಿರುವುದು ಒಡೆದ ಮುದ್ರಣದಲ್ಲಿ ಮಾತ್ರ. ಹುಡುಗನು ಅದನ್ನು ಅಳಿಸದೆ ಇಟ್ಟುಕೊಂಡಿದ್ದುದು ನಮ್ಮ ಪುಣ್ಯ. ಅವನು ಆ ಕೆಲವು ಸೆಕೆಂಡುಗಳನ್ನು ಅರ್ಧ ವೇಗಕ್ಕೆ ಇಳಿಸಿ, ಮತ್ತೆ ಮತ್ತೆ ಕೇಳಿ, ಸ್ವರಗಳನ್ನು ಹುಡುಕತೊಡಗಿದ. ಹುಡುಕುವುದಕ್ಕೆ ಅಟ್ಟದ ಮೇಲಿದ್ದ ಹಾರ್ಮೋನಿಯಂ ಕೆಳಗಿಳಿಯಿತು. ಎರಡು ವರ್ಷ ಅಪ್ಪ ಹೇಳಿದರೂ ಮುಟ್ಟದವನು ಅದರ ಮುಂದೆ ಗಂಟೆಗಟ್ಟಲೆ ಕುಳಿತ. ಹೊರಳುವ ದನಿಯೊಂದು ಪೆಟ್ಟಿಗೆಯ ಮನೆಗಳ ನಡುವೆ ನಿಲ್ಲುತ್ತಿದ್ದುದರಿಂದ ಕಡೆಗೆ ಅದನ್ನು ತನ್ನ ಕಂಠದಲ್ಲಿಯೇ ಹಿಡಿಯಬೇಕಾಯಿತು.

ಅಜ್ಜಿಯ ಎರಡನೆಯ ಮುದ್ರಣಕ್ಕೆ ಅವನು ಮೊದಲು ಢೋಲಿನ ಪೆಟ್ಟುಗಳನ್ನೂ ಸಿಂಥಸೈಜರಿನ ಗುಂಗನ್ನೂ ತುಂಬಿದ್ದ. ಕೇಳಿದ ಅವ್ವ, “ಏನಪಾ, ನನ್ನ ಮಾತ ಕೇಳಸಂಗಿಲ್ಲಲ್ಲೋ ಇದರಾಗ. ಶರಣರ ಮಾತು ಮುಂದಿರಬೇಕು, ವಾದ್ಯ ಹಿಂದಿರಬೇಕು” ಎಂದಳು. ಅವನು ಒಂದೊಂದಾಗಿ ತೆಗೆಯುತ್ತ ಹೋದ. ಕೊನೆಗೆ ಉಳಿದುದು ತಂಬೂರಿಯಂಥ ಒಂದು ಮೆಲುದನಿ ಮಾತ್ರ. ಎಷ್ಟು ಸೇರಿಸಬೇಕೆಂಬುದಕ್ಕಿಂತ ಎಷ್ಟು ಬಿಡಬೇಕೆಂಬುದೇ ಈ ವಿದ್ಯೆಯ ತಿರುಳೆಂದು ಅವನಿಗೆ ಕಲಿಸಿದವಳು ಕಂಪ್ಯೂಟರ್ ಮುಟ್ಟದ ಅವನ ಅಜ್ಜಿ.

ಹಿರಿಯರ ದನಿ ಮುದ್ರಿಸುವವರಿಗೆ

ನಮ್ಮಂತೆ ಪರಿತಪಿಸಬಾರದೆಂದು ಕೆಲವು ಮಾತುಗಳನ್ನು ಹೇಳುತ್ತೇನೆ. ಒಳ್ಳೆಯ ಸಾಮಾನು ಬರಲೆಂದು ಕಾಯಬೇಡಿ. ಕೈಯಲ್ಲಿರುವ ಮೊಬೈಲಿನಲ್ಲಿಯೇ ಇಂದು ಸಂಜೆ ಮುದ್ರಿಸಿರಿ. ಕಂಪ್ಯೂಟರಿನಲ್ಲಾದರೆ ಸೆಕೆಂಡಿಗೆ 48,000 ಮಾದರಿ, 24 ಬಿಟ್ ಎಂಬ ಅಳತೆಯಲ್ಲಿ, ‘ವೇವ್’ ರೂಪದಲ್ಲಿ ಉಳಿಸಿರಿ. ಒಂದು ಮೈಕಿನ ಮುದ್ರಣಕ್ಕೆ ನಿಮಿಷಕ್ಕೆ 9 ಎಂಬಿಗಿಂತ ಕಡಿಮೆ ಜಾಗ ಸಾಕು. ‘ಎಂಪಿ3’ ರೂಪವು ಜಾಗ ಉಳಿಸಲು ದನಿಯ ಅಂಶಗಳನ್ನು ಕೈಬಿಡುತ್ತದೆ. ಹಂಚಲು ಅದು ಸರಿ, ಕಾಪಿಡಲು ಅಲ್ಲ. ಮೂಲಪ್ರತಿಯನ್ನು ಎಂದಿಗೂ ತಿದ್ದಬೇಡಿ; ನಕಲನ್ನು ತಿದ್ದಿರಿ. ಮೂಲವು ಮೂರು ಕಡೆ ಇರಲಿ, ಅದರಲ್ಲೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ಸ್ವರವನ್ನು ತಾನಾಗಿಯೇ ಸಮೀಪದ ಮನೆಗೆ ಎಳೆಯುವ ತಂತ್ರಾಂಶಗಳು 1997ರಿಂದಲೂ ಬಳಕೆಯಲ್ಲಿವೆ. ಅವುಗಳನ್ನು ಹಿರಿಯರ ದನಿಯ ಮೇಲೆ ಹರಿಯಬಿಟ್ಟರೆ ಗಮಕವೆಲ್ಲ ಮೆಟ್ಟಿಲಾಗಿಬಿಡುತ್ತದೆ.

ಹನ್ನೆರಡನೆಯ ಶತಮಾನದ ವಚನಗಳ ಮೂಲಪಾಠಕ್ಕೆ ಯಾರ ಹಕ್ಕೂ ಇಲ್ಲ. ಯಾರು ಬೇಕಾದರೂ ಹಾಡಬಹುದು. ಆದರೆ ಇಂದಿನ ಸಂಯೋಜಕರು ಕೂಡಿಸಿದ ರಾಗಕ್ಕೆ ಹಕ್ಕುಂಟು. ಧ್ವನಿಮುದ್ರಿಕೆಗೂ ಪ್ರಕಟವಾದಂದಿನಿಂದ ನಮ್ಮ ದೇಶದ ಕಾನೂನಿನಂತೆ 60 ವರ್ಷಗಳ ರಕ್ಷಣೆಯುಂಟು. ಆದುದರಿಂದ ಮಲ್ಲಿಕಾರ್ಜುನ ಮನಸೂರರ ಮುದ್ರಿಕೆಯಿಂದ ಒಂದು ತುಣುಕು ಕತ್ತರಿಸಿ ತಮ್ಮ ಕೃತಿಗೆ ಅಂಟಿಸಿಕೊಳ್ಳುವ ಮುನ್ನ ಮಕ್ಕಳು ಅನುಮತಿ ಪಡೆಯಬೇಕು. ತಮ್ಮ ಮನೆಯ ದನಿಗೆ ಮನೆಯವರ ಒಪ್ಪಿಗೆ ಸಾಕು.

ಕಣ್ಣು ಕಾಣದ ಮಕ್ಕಳಿರುವ ಮನೆಗಳಿಗೆ ಇನ್ನೊಂದು ವಿಷಯ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜರೂ ಅಂಧರಿಗೆ ಸಂಗೀತದ ಹಾದಿ ತೆರೆದ ನಾಡು ನಮ್ಮದು. ಪರದೆಯ ಮೇಲಿನದನ್ನು ಓದಿ ಹೇಳುವ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶವಿದೆ. ಅದರೊಡನೆ ‘ಒಸಾರಾ’ ಎಂಬ ಉಚಿತ ಜೋಡಣೆಯನ್ನು ರೀಪರಿಗೆ ಸೇರಿಸಿದರೆ, ಕಣ್ಣಿಲ್ಲದವರೂ ಕೀಲಿಮಣೆಯಿಂದಲೇ ಮುದ್ರಣ, ಸಂಯೋಜನೆಗಳನ್ನು ಸ್ವತಂತ್ರವಾಗಿ ಮಾಡಬಹುದು. ಕಿವಿಯೇ ಕಣ್ಣಾದವರಿಗೆ ಇದು ಗೌರವದ ಕಾಯಕವಾಗಬಲ್ಲದು.

ಮೊನ್ನೆ ಬಸವ ಜಯಂತಿಯಂದು ಅಣ್ಣನ ಮನೆಯಲ್ಲಿ ಹುಡುಗನೇ ಆ ವಚನವನ್ನು ಹಾಡಿದ. ಪಕ್ಕದಲ್ಲಿ ಅವನ ಯಂತ್ರ ಮೆಲ್ಲನೆ ಶ್ರುತಿ ಹಿಡಿದಿತ್ತು. ನಡುವಿನ ತಿರುವು ಬಂದಾಗ ನಾವೆಲ್ಲ ಅವ್ವನ ಮುಖ ನೋಡಿದೆವು. ಅವಳು ತಲೆಯಾಡಿಸಿ, “ಇನ್ನೊಂದೀಟು ಹೊರಳಬೇಕೋ ತಮ್ಮಾ. ನಾಳೆ ಮತ್ತ ಹಾಡು” ಎಂದಳು.

ಅಣ್ಣ ಮರುದಿನವೇ ಪೇಟೆಗೆ ಹೋಗಿ ಒಂದು ಮೈಕು ತಂದ. ಎಂಬತ್ತು ಸಾವಿರದ್ದಲ್ಲ; ಸಾಧಾರಣದ್ದು.